ಕಲ್ಲಿಗೆ ಮುಟ್ಟಿಸದ ಉಂಗುರ

ಅಪ್ಪನ ಒರೆಗಲ್ಲು ನನ್ನ ದೇವರ ಗೂಡಿನಲ್ಲಿದೆ. ಅಂಗೈಯಗಲದ ಕಪ್ಪು ಕಲ್ಲು, ಎಣ್ಣೆ ಸವರಿದ ಹಾಗೆ ನುಣುಪು. ಚಿನ್ನವನ್ನು ಅದರ ಮೇಲೆ ಉಜ್ಜಿದರೆ ಹಳದಿ ಗೆರೆ ಮೂಡುತ್ತದೆ. ಆ ಗೆರೆಯ ಬಣ್ಣ ನೋಡಿ ಅಕ್ಕಸಾಲಿಗರು ಚಿನ್ನ ಎಷ್ಟು ಶುದ್ಧವೆಂದು ಹೇಳುತ್ತಾರೆ. ನನ್ನ ಮನೆಗೆ ಬಂದ ಮೇಲೆ ಅದರ ಮೇಲೆ ಒಂದು ಗೆರೆಯೂ ಬಿದ್ದಿಲ್ಲ. ಮೊಮ್ಮಕ್ಕಳು ಅದನ್ನು ಯಾವುದೋ ದೇವರೆಂದು ತಿಳಿದು ಕೈಮುಗಿಯುತ್ತಾರೆ. ನಾನು ತಿದ್ದಲು ಹೋಗಿಲ್ಲ. ಮುಗಿಯಲಿ, ನಷ್ಟವೇನು?

ನಮ್ಮದು ಚಿನ್ನದ ಕೆಲಸದವರ ಮನೆತನ. ನಮ್ಮವರಲ್ಲಿ ಒಂದು ಕಟ್ಟಳೆಯಿತ್ತು. ನೆಂಟರು ಮಾಡಿದ ಒಡವೆಯನ್ನು ನಾಲ್ಕು ಜನರೆದುರು ಒರೆಗೆ ಹಚ್ಚಬಾರದು. ಯಾರಾದರೂ ಹಚ್ಚಿದರೆ, ಮಾಡಿದವನು ಅವರಿಗೆ ಉತ್ತರ ಕೊಡಬೇಕಾಗಿಲ್ಲ. ಚಿನ್ನ ಕೊಟ್ಟವರು ಮಾತ್ರ "ಉಳಿದದ್ದೆಲ್ಲಿ?" ಎಂದು ಕೇಳಬಹುದು. ಆದರೆ ಸಭೆಯಲ್ಲಿ ಆ ಮಾತು ಕೇಳಿಸಿಕೊಂಡ ಕೆಲಸಗಾರ ಮತ್ತೆ ತಲೆಯೆತ್ತಿದ್ದನ್ನು ನಾನು ಕಂಡಿಲ್ಲ. ಅಪ್ಪನನ್ನು, ಚಿನ್ನ ಕೊಟ್ಟಿದ್ದ ಅವರ ಷಡ್ಡಕನೇ ಒಂದು ಮದುವೆಯ ಚಪ್ಪರದಲ್ಲಿ ಹಾಗೆ ಕೇಳಿದ್ದ. ಅಪ್ಪ ಗುಲಗಂಜಿಯಷ್ಟೂ ಬಿಡದೆ ಲೆಕ್ಕ ಒಪ್ಪಿಸಿದರು. ಏನು ಪ್ರಯೋಜನ? ಉತ್ತರ ಎಲ್ಲರಿಗೂ ಮರೆತುಹೋಯಿತು, ಪ್ರಶ್ನೆ ಉಳಿಯಿತು. ಗಿರಾಕಿಗಳು ಕರಗಿದರು. ಅಪ್ಪ ಅಗ್ಗಿಷ್ಟಿಕೆ ಆರಿಸಿ, ಈ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿಟ್ಟವರು ಸಾಯುವತನಕ ಬಿಚ್ಚಲಿಲ್ಲ.

ಅದೇ ಅಗ್ಗಿಷ್ಟಿಕೆಯನ್ನು ಮತ್ತೆ ಹೊತ್ತಿಸಿದವನು ನನ್ನ ತಮ್ಮ ಮೌನೇಶ. ಹೆಸರಿಗೆ ತಕ್ಕ ಹಾಗೆ ಮಾತು ಕಡಿಮೆ. ನಮ್ಮಿಬ್ಬರ ಪಾಲಿನ ಮಾತನ್ನೂ ನಾನೇ ಆಡುತ್ತಿದ್ದೆ. ನನ್ನವರು ತೀರಿಕೊಂಡ ಮೇಲೆ ನಮ್ಮ ಮನೆಗೆ ಗಂಡು ದಿಕ್ಕೆಂದರೆ ಅವನೇ. ನನ್ನ ಮಗಳು ಚಂಪಾಳಿಗೆ ಗಂಡು ಗೊತ್ತಾದಾಗ, ಅಳಿಯನಿಗೆ ಹಾಕುವ ಉಂಗುರವನ್ನು ಅವನು ತಾನೇ ಮಾಡುತ್ತೇನೆಂದ. ನಾನು ಅಮ್ಮನ ಕಡಗವನ್ನು ತೆಗೆದುಕೊಟ್ಟೆ.

ಅದು ಅಮ್ಮ ಕೂಸಾಗಿದ್ದಾಗ ತೊಟ್ಟಿದ್ದ ಕಡಗ. ಬಾಯಿ ತೆರೆದದ್ದು, ಎರಡು ತುದಿಗೂ ಮಲ್ಲಿಗೆ ಮೊಗ್ಗಿನ ಆಕಾರ. ಅಪ್ಪಟ ಅಪರಂಜಿ. ಕೂಸಿನ ಕೈ ಬೆಳೆದ ಹಾಗೆ ಅಜ್ಜಿ ಅದನ್ನು ಬೆರಳಿನಲ್ಲೇ ಹಿಗ್ಗಿಸುತ್ತಿದ್ದಳಂತೆ. ಚಿನ್ನ ಅಷ್ಟು ಮೆತ್ತಗೆ. ಗಂಡಿನ ಕಡೆಯವರಿಗೂ ಅದನ್ನು ಹೆಮ್ಮೆಯಿಂದ ತೋರಿಸಿದ್ದೆ. ಇದಿಷ್ಟೂ ನಿಮ್ಮ ಹುಡುಗನ ಬೆರಳಿಗೆ ಎಂದೂ ಹೇಳಿದ್ದೆ. ಹೆಮ್ಮೆ ಪಡುವಾಗ ನನಗೆ ನಾಲಿಗೆಯ ಮೇಲೆ ಹಿಡಿತವಿರುವುದಿಲ್ಲ.

ನಿಶ್ಚಿತಾರ್ಥದ ದಿನ ನಡುಮನೆಯಲ್ಲಿ ಜಮಖಾನೆ ಹಾಸಿ, ತಟ್ಟೆಯಲ್ಲಿ ತಾಂಬೂಲದ ಪಕ್ಕ ಉಂಗುರವನ್ನಿಟ್ಟೆವು. ಹವಳ ಕೂರಿಸಿದ ಉಂಗುರ. ಹವಳವನ್ನು ಹಿಡಿದ ನಾಲ್ಕು ಹಲ್ಲುಗಳು ಕೂಡ ಒಂದೊಂದು ಎಸಳಿನ ಹಾಗಿದ್ದವು. ಹುಡುಗ ಪ್ರಭಾಕರ ಕಲ್ಲು ಕೆತ್ತುವ ಶಿಲ್ಪಿ, ತಂದೆಯಿಲ್ಲದವನು. ಅವನನ್ನು ಸಾಕಿದ ದೊಡ್ಡಪ್ಪ ಕಾಳಪ್ಪಾಚಾರ್ರು ನಮ್ಮಂತೆಯೇ ಚಿನ್ನದ ಕೆಲಸದವರು, ಪೇಟೆಯಲ್ಲಿ ದೊಡ್ಡ ಅಂಗಡಿಯಿಟ್ಟವರು. ಉಂಗುರವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಕೆಲಸ ಬಹಳ ಚೆನ್ನಾಗಿದೆ" ಎಂದರು. ನಾನು ಉಬ್ಬಿಹೋದೆ.

ಮತ್ತೊಮ್ಮೆ ತಿರುಗಿಸಿದರು. ಕಿಟಕಿಯ ಕಡೆ ಹಿಡಿದರು.

"ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತಾರೆ, ಅಲ್ವೇ ಮೌನೇಶ?" ಎಂದು ನಕ್ಕರು. ಎಲ್ಲರೂ ನಕ್ಕರು. ನಮ್ಮ ಮೇಲಿನ ಗಾದೆಗೆ ನಾವೇ ನಗುವುದು ನಮ್ಮಲ್ಲಿ ವಾಡಿಕೆ. ಮೌನೇಶ ನಗಲಿಲ್ಲ.

ಕಾಳಪ್ಪಾಚಾರ್ರ ಕೈ ತನ್ನಷ್ಟಕ್ಕೆ ತಾನೇ ಎಂಬಂತೆ ಜೇಬಿಗೆ ಹೋಯಿತು. ಒರೆಗಲ್ಲು ಹೊರಬಂತು. ನಗು ಅಲ್ಲಿಗೇ ನಿಂತಿತು.

"ದೊಡ್ಡಪ್ಪ, ಬೇಡ" ಎಂದ ಪ್ರಭಾಕರ.

ಅಷ್ಟರಲ್ಲಿ ಉಂಗುರದ ಬೆನ್ನನ್ನು ಉಜ್ಜಿಯಾಗಿತ್ತು. ಅದರ ಪಕ್ಕದಲ್ಲಿ ತಮ್ಮ ಬೆರಳಿನ ಉಂಗುರದಿಂದ ಇನ್ನೊಂದು ಗೆರೆ ಎಳೆದರು. ಕಲ್ಲಿನ ಮೇಲೆ ಎರಡು ಗೆರೆ. ಅಕ್ಕಸಾಲಿಗನ ಮಗಳಾದ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಗೆರೆ ಕೆಂಪು ಹೊಡೆಯುತ್ತಿತ್ತು.

"ಇದು ಹದಿನೆಂಟು ಕ್ಯಾರೆಟ್ಟು. ತೂಕ ನೋಡಿದರೆ ಕಡಗದ್ದೇ ತೂಕ" ಎಂದರು ಕಾಳಪ್ಪಾಚಾರ್ರು. ಈಗ ಅವರ ದನಿಯಲ್ಲಿ ತಮಾಷೆಯಿರಲಿಲ್ಲ. "ಅಂದರೆ ತಾಮ್ರ ಒಳಗೆ ಬಂದಿದೆ, ಅಷ್ಟು ಅಪರಂಜಿ ಹೊರಗೆ ಹೋಗಿದೆ. ಎಲ್ಲಿಗೆ ಹೋಯ್ತಪ್ಪ?"

ಮೌನೇಶ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದ.

"ಕಟ್ಟಳೆ ನಿಮಗೂ ಗೊತ್ತು ಆಚಾರ್ರೆ. ಚಿನ್ನ ಕೊಟ್ಟವಳು ನಮ್ಮಕ್ಕ. ಅವಳು ಕೇಳಲಿ, ಹೇಳ್ತೀನಿ."

"ಕೇಳಿ ತಾಯಿ, ನೀವೇ ಕೇಳಿ" ಎಂದು ಕಾಳಪ್ಪಾಚಾರ್ರು ನನ್ನತ್ತ ತಿರುಗಿದರು. "ತಾಮ್ರಕ್ಕಲ್ಲ ನಾನು ಹೇಳೋದು. ಬಾಯಲ್ಲಿ ಅಪರಂಜಿ ಅಂದು ತಟ್ಟೇಲಿ ಬೇರೆ ಇಟ್ಟರೆ, ನಾಳೆ ಈ ಮನೆ ಮಾತನ್ನ ನಾವು ಹೇಗೆ ನಂಬೋದು? ಉತ್ತರ ಬರದೆ ನಾನು ತಾಂಬೂಲ ಮುಟ್ಟೋದಿಲ್ಲ."

ಒಳಬಾಗಿಲಲ್ಲಿ ಚಂಪಾ ನಿಂತಿದ್ದಳು. ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದವಳ ಕೈ ನಿಂತುಹೋಗಿತ್ತು. ಉಳಿದದ್ದೆಲ್ಲಿ ಎಂಬ ಒಂದೇ ಮಾತು. ಆಡಿದರೆ ಮಗಳ ಮದುವೆ ಉಳಿದೀತು. ಆದರೆ ಮೌನೇಶ ಅಪ್ಪನಂತೆ ಅಗ್ಗಿಷ್ಟಿಕೆ ಆರಿಸಬೇಕಾದೀತು. ಆಡದಿದ್ದರೆ ಇವರು ಎದ್ದು ನಡೆಯುತ್ತಾರೆ, ನಾಳೆ ಬೆಳಿಗ್ಗೆ ಊರಿಗೆಲ್ಲ ಚಂಪಾಳದೇ ಸುದ್ದಿ.

ಸುಳ್ಳೇಕೆ ಹೇಳಲಿ, ಅವನು ತೆಗೆದುಕೊಂಡಿರಬಹುದು ಎಂದೂ ನನಗೆ ಅನ್ನಿಸಿತು. ಕಣ್ಣಿಗೆ ಕಾಣುವ ಗೆರೆಯನ್ನು ಇಲ್ಲವೆನ್ನುವುದು ಹೇಗೆ? ಕೆಲಸ ಕಡಿಮೆಯಿದ್ದ ಕಾಲ, ಅವನಿಗೂ ಸಂಸಾರವಿದೆ. ಆದರೆ ಅದರ ಬೆನ್ನಿಗೇ ಇನ್ನೊಂದು ಅನ್ನಿಸಿತು. ತೆಗೆದುಕೊಂಡಿದ್ದರೆ ತಾನೇ ಏನು? ಅದು ಅಮ್ಮನ ಕಡಗ. ಅವನೂ ಅವಳ ಹೊಟ್ಟೆಯಲ್ಲೇ ಹುಟ್ಟಿದವನು. ನನಗೆ ಬೇಕಾದದ್ದನ್ನು ಅವನು ಎಂದಾದರೂ ಇಲ್ಲವೆಂದಿದ್ದನೇ?

"ನಾನು ಕೇಳೋದಿಲ್ಲ" ಎಂದೆ.

"ಏನಂದಿರಿ?"

"ನನ್ನ ತಮ್ಮನನ್ನ ಆ ಮಾತು ಕೇಳೋದಿಲ್ಲ ಅಂದೆ. ಉಂಗುರ ಬೇಡವಾದರೆ ಬಿಡಿ. ಎದ್ದು ಹೋಗೋದಾದರೆ ಊಟ ಮುಗಿಸಿಕೊಂಡು ಹೋಗಿ, ಅಡುಗೆ ಆಗಿದೆ. ಆ ಗಾದೆ ಕಟ್ಟಿದವನಿಗೆ ಅಕ್ಕ ಇರಲಿಲ್ಲ ಅಂತ ಕಾಣುತ್ತೆ, ನನ್ನ ತಮ್ಮನಿಗೆ ಇದ್ದಾಳೆ."

ಚಂಪಾ ಬಂದು ನನ್ನ ಪಕ್ಕದಲ್ಲಿ ನಿಂತಳು. ಅವಳ ಕಣ್ಣು ತುಂಬಿತ್ತು, ಆದರೆ ನನ್ನ ಮೇಲೆ ಸಿಟ್ಟಿರಲಿಲ್ಲ. ಕಾಳಪ್ಪಾಚಾರ್ರು ಶಲ್ಯ ಹೆಗಲಿಗೆ ಹಾಕಿಕೊಂಡು, "ನಡಿ ಪ್ರಭಾಕರ" ಎಂದರು.

ಪ್ರಭಾಕರ ಏಳಲಿಲ್ಲ. ದೊಡ್ಡಪ್ಪನ ಕೈಯಿಂದ ಉಂಗುರ ತೆಗೆದುಕೊಂಡು ಹೇಳಿದ:

"ಕಟ್ಟಳೆ ಇರೋದು ಮಾಡಿದವರಿಗೆ, ಹಾಕಿಕೊಳ್ಳೋನಿಗಲ್ಲ. ನಾನು ಹೇಳ್ತೀನಿ. ಬೆರಳಿನ ಅಳತೆಗೆ ಅಂತ ಮೌನೇಶ ಮಾವ ನಾನು ಕೆಲಸ ಮಾಡೋ ಕಡೆಗೇ ಬಂದಿದ್ದರು. ಅಳತೆ ತಗೊಂಡು ಹೋಗಲಿಲ್ಲ. ನಾನು ಉಳಿ ಹಿಡಿಯೋದು, ಸುತ್ತಿಗೆ ಎತ್ತೋದು ನೋಡ್ತಾ ಕೂತಿದ್ದರು. 'ಕೆಲಸ ಮಾಡುವಾಗ ಉಂಗುರ ತೆಗೆದಿಡ್ತೀಯಾ?' ಅಂದರು. ಒಂದು ಸಲ ಹಾಕಿದರೆ ತೆಗೆಯೋದಿಲ್ಲ ಅಂದೆ. 'ಹಾಗಾದರೆ ಅಪರಂಜಿ ನಿನಗಲ್ಲಪ್ಪ' ಅಂದರು. ಆಗ ನನಗೆ ಅರ್ಥ ಆಗಲಿಲ್ಲ. ತಾಮ್ರ ಸೇರದ ಮೆತ್ತನೆ ಚಿನ್ನ ಸುತ್ತಿಗೆ ಹಿಡಿಯೋ ಕೈಯಲ್ಲಿ ನಿಲ್ಲೋದಿಲ್ಲ."

ಅವನು ಉಂಗುರ ತೊಟ್ಟು ಹಿತ್ತಿಲಿಗೆ ನಡೆದ. ಒರಳಿನ ಪಕ್ಕದ ಕಬ್ಬಿಣದ ಹಾರೆಯನ್ನು ಉಂಗುರದ ಕೈಯಲ್ಲಿ ಬಿಗಿಯಾಗಿ ಹಿಡಿದು ಒರಳುಕಲ್ಲಿಗೆ ಮತ್ತೆ ಮತ್ತೆ ಕುಟ್ಟಿದ. ಹವಳ ಉದುರಿದರೆ ಎಲ್ಲವೂ ಮುಗಿದಂತೆ. ಬೆವರಿಕೊಂಡು ಬಂದು ದೊಡ್ಡಪ್ಪನ ಮುಂದೆ ಕೈ ಚಾಚಿದ. ಉಂಗುರ ಗುಂಡಗೇ ಇತ್ತು. ಹವಳ ಕದಲಿರಲಿಲ್ಲ.

ಕಾಳಪ್ಪಾಚಾರ್ರು ಬಹಳ ಹೊತ್ತು ಆ ನಾಲ್ಕು ಹಲ್ಲುಗಳನ್ನು ಉಗುರಿನಿಂದ ಒತ್ತಿ ನೋಡಿದರು. ಕೆಲಸ ಬಲ್ಲವರು; ತಪ್ಪು ಅವರಿಗೆ ತಿಳಿಯಿತು. "ಚಿನ್ನ ನೋಡಿದೆ, ತೊಡೋ ಕೈ ನೋಡೋದು ಮರೆತೆ" ಎಂದು ಮೆಲ್ಲಗೆ ಹೇಳಿದರು. ಜೇಬಿನಿಂದ ಮೇಣದ ಉಂಡೆ ತೆಗೆದು ಕಲ್ಲಿನ ಮೇಲಿನ ಗೆರೆಗಳನ್ನು ಒತ್ತಿ ಅಳಿಸಿದರು. ಉಳಿದ ಚಿನ್ನದ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ತಾಂಬೂಲಕ್ಕೆ ಕೈ ಚಾಚಿದರು.

ಆಗ ಮೌನೇಶ ಎದ್ದುಬಂದು ನನ್ನ ಮುಂದೆ ಕುಳಿತ. ಬನಿಯನ್ನಿನ ಒಳಜೇಬಿನಿಂದ ಕಾಗದದ ಸಣ್ಣ ಪೊಟ್ಟಣ ತೆಗೆದು, ಕೇಳದೆಯೇ ನನ್ನ ಬಲಗೈ ಹಿಡಿದ. ವಾತದಿಂದ ನನ್ನ ಬೆರಳಿನ ಗೆಣ್ಣುಗಳು ಊದಿಕೊಂಡು ಎಷ್ಟೋ ಕಾಲವಾಗಿತ್ತು. ಯಾವ ಉಂಗುರವೂ ಗೆಣ್ಣು ದಾಟುತ್ತಿರಲಿಲ್ಲ; ಇದ್ದದ್ದನ್ನು ಕತ್ತರಿಸಿಯೇ ತೆಗೆಯಬೇಕಾಗಿತ್ತು. ಅವನು ಬಾಯಿ ತೆರೆದ ಪುಟ್ಟ ಉಂಗುರವನ್ನು ಬೆರಳಿಗೆ ಹೊಂದಿಸಿ, ಹೆಬ್ಬೆರಳಿನಿಂದ ಹಗುರಾಗಿ ಒತ್ತಿದ. ಹಿಟ್ಟಿನ ಹಾಗೆ ಬಾಗಿ ಕೂತಿತು. ಎರಡು ತುದಿಗೂ ಮಲ್ಲಿಗೆ ಮೊಗ್ಗು. ಅಮ್ಮನ ಕಡಗದ ಆ ತುದಿಗಳನ್ನು ಅವನು ಕರಗಿಸದೆ ಉಳಿಸಿದ್ದ.

"ಮೊದಲೇ ಹೇಳೋಕೆ ಏನಾಗಿತ್ತೋ ನಿನಗೆ?" ಎಂದೆ.

"ಹೇಳಿದ್ದರೆ ನೀನು ಬೇಡ ಅಂತ ಜಗಳ ತೆಗೀತಿದ್ದೆ ಕಣಕ್ಕ. ತಾಂಬೂಲ ಆದಮೇಲೆ ತೊಡಿಸೋಣ ಅಂತಿದ್ದೆ."

ಆ ಕೈಯಲ್ಲೇ ಅವನ ತಲೆಗೊಂದು ಮೊಟಕಿದೆ. ಆಮೇಲೆ ಎಲ್ಲರೆದುರು ಅತ್ತೆ.

ಮೌನೇಶ ಈಗಿಲ್ಲ. ಪ್ರಭಾಕರನ ಉಂಗುರ ಇಂದಿಗೂ ಉಳಿಯ ಜೊತೆ ದುಡಿಯುತ್ತಿದೆ. ನನ್ನದು ಗುಂಡಗಿಲ್ಲ, ಬೆರಳು ಸೊಟ್ಟಗಾದ ಹಾಗೆ ಅದೂ ಸೊಟ್ಟಗಾಗಿದೆ. ಮಲಗುವ ಮುಂಚೆ ಅದನ್ನು ಹಿಗ್ಗಿಸಿ ತೆಗೆದು, ದೇವರ ಗೂಡಿನಲ್ಲಿ ಅಪ್ಪನ ಕಪ್ಪು ಕಲ್ಲಿನ ಮಗ್ಗುಲಿಗೆ ಇಡುತ್ತೇನೆ. ಎರಡರ ನಡುವೆ ಒಂದು ಬೆರಳು ಜಾಗ ಬಿಡುವುದನ್ನು ಮಾತ್ರ ನಾನು ಮರೆಯುವುದಿಲ್ಲ.