ರಾಯರ ಗಾಡಿಗೆ ಕಟೌಟ್

ಇವರಿಗ್ಯಾಕ ಬೇಕಾಗೇತಿ ಇಷ್ಟು ಸಪ್ಪಳ? ಗಾಡಿಯ ಕೆಳಗೆ ಅಂಗಾತ ಮಲಗಿದ್ದ ಮೋಟಾರು ಮೇಸ್ತ್ರಿ ಅಮೀನಸಾಬ ಬಾಯಿಬಿಟ್ಟೇ ಕೇಳಿದ, ಯಾರನ್ನೂ ಅಲ್ಲ, ಮೂಗಿನ ಮೇಲೊಂದು ಗೇಣು ಎತ್ತರದಲ್ಲಿದ್ದ ಹೊಗೆಕೊಳವೆಯನ್ನು ಕೇಳಿದ ಹಾಗೆ — ತುಕ್ಕಿನ ಪುಡಿ ಕಣ್ಣಿಗೆ ಬಿತ್ತು, ಒರೆಸಿಕೊಂಡ, ಸಿದ್ಧೇಶ್ವರ ಗುಡಿಯ ಗಂಟೆ, ಟಾಂಗಾದ ಗಾಲಿ, ಮತ್ತೆ ಗಂಟೆ — ಮೀಸೆ ಚಿಗುರಿದ ಸಾವುಕಾರರ ಮಕ್ಕಳು ಕಟೌಟ್ ಕೇಳಿದರೆ ತಿಳಿಯುತ್ತದೆ, ಕಟೌಟ್ ಅಂದರೆ ಹೊಗೆ ಸೈಲೆನ್ಸರಿಗೆ ಸೇರುವ ಮೊದಲೇ ಕೊಳವೆಗೊಂದು ಬಾಯಿ ಕೊರೆಯುವುದು, ಬಾಯಿಗೊಂದು ಮುಚ್ಚಳ, ಮುಚ್ಚಳಕ್ಕೊಂದು ತಂತಿ, ತಂತಿ ಎಳೆದರೆ ಇಂಜಿನ್ನಿನ ದನಿ ನೇರ ಬಯಲಿಗೆ, ಸಂತೆಯ ಎತ್ತುಗಳು ಬೆದರುತ್ತವೆ, ಮಂದಿ ಬೈಯುತ್ತಾರೆ, ಅವರಿಗೆ ಬೇಕಾದ್ದೂ ಅದೇ — ಆದರೆ ಬಬಲೇಶ್ವರದ ಹಣಮಂತರಾಯರು, ಅರವತ್ತೆಂಟರ ಮನುಷ್ಯ, ಊರೂರಿಗೆ ಹೋಗಿ ಕಾವ್ಯ ಓದುವವರು, ಬೆಳಿಗ್ಗೆ ಬಂದವರೇ ಕಟೌಟ್ ಹಾಕು ಅಮೀನ ಎಂದು ನೆಲದ ಧೂಳಿನಲ್ಲಿ ಬೆರಳಿಂದ ಚಿತ್ರ ಬರೆದು ತೋರಿಸಿ ಬೇವಿನ ಕೆಳಗೆ ಕೂತುಬಿಟ್ಟಿದ್ದಾರೆ, ಇಲ್ಲಿಂದ ಅವರ ಕಾಲಿನ ಜೋಡು ಮತ್ತು ಧೋತರದ ಅಂಚು ಮಾತ್ರ ಕಾಣುತ್ತದೆ. ಈ ಎರಡು ಸೀಟಿನ ವಿಲಾಯತಿ ಗಾಡಿ ಬಂದದ್ದೂ ಕಾವ್ಯದಿಂದಲೇ, ಸಂಸ್ಥಾನ ಮುಗಿದ ವರ್ಷ ಅರಮನೆಯಲ್ಲಿ ತಿಂಗಳಿಡೀ ಓದಿದರಂತೆ, ರಾಜರ ಹತ್ತಿರ ಹೊದಿಸಲು ಶಾಲು ಉಳಿದಿರಲಿಲ್ಲ, ಕೀಲಿ ಕೊಟ್ಟರಂತೆ. ಅಮೀನಸಾಬನ ಕಿವಿ ಬಲಿತದ್ದು ರಾಯರು ಓದುವ ಆ ದನಿಯಲ್ಲಿಯೇ, ಮಠದ ಅಂಗಳ, ಅಪ್ಪನ ಹೆಗಲು, ಸುಮ್ಮನ ಕೇಳು, ಅರ್ಥ ಆಮ್ಯಾಲೆ ಬರತೈತಿ ಅನ್ನುತ್ತಿದ್ದ ಅಪ್ಪ, ಸಾಲಿನ ಕೊನೆಗೆ ರಾಯರು ಉಸಿರು ಹಿಡಿದರೆ ಇಡೀ ಅಂಗಳ ಹಿಡಿಯುತ್ತಿತ್ತು — ಇಂಜಿನ್ನೂ ಹಾಗೆಯೇ, ಯಾವ ವಾಲ್ವು ಸುಟ್ಟಿದೆ ಎಂಬುದು ಸಪ್ಪಳದಲ್ಲಿಲ್ಲ, ಎರಡು ಸಪ್ಪಳಗಳ ನಡುವಿನ ಬಿಡುವಿನಲ್ಲಿದೆ, ಇದನ್ನು ಯಾವ ಮೇಸ್ತ್ರಿಯೂ ಅವನಿಗೆ ಕಲಿಸಲಿಲ್ಲ.

ಹಳೆ ಲಾರಿಯ ಕೊಳವೆಯ ತುಂಡು ಬೆಸುಗೆಯಾಯಿತು, ಬಂಡಿಗಾಲಿಯ ಕಬ್ಬಿಣದ ಹಳಿಯಿಂದ ಕತ್ತರಿಸಿದ ಮುಚ್ಚಳ ಕೂತಿತು, ಸ್ಪ್ರಿಂಗು ಬಿಗಿಯಾಗಿದೆ, ಇನ್ನು ತಂತಿ. ರಾಯರ, ತಂತಿ ಎಡಕ್ಕ ತರಲ್ಯೋ ಬಲಕ್ಕೋ? ಜೋಡು ಅಲುಗಲಿಲ್ಲ. ರಾಯರ. ದೇವರ ಕೂಡ ಮಾತಾಡಾಕತ್ತಾರ ಬಿಡೋ, ನಿನ್ನ ತಂತಿಗೆ ಎಲ್ಲಿ ಬಿಡುವು ಅವರಿಗೆ, ಅಂದದ್ದು ಚಹಾ ತಂದ ಚಹಾದಂಗಡಿಯ ಲಕ್ಕವ್ವ, ಪುರಾಣ ಸಾಕಾತಂತ, ಇನ್ನ ಪಟಾಕಿ ಹಾರಸ್ತಾರಂತ ನೋಡು. ನಿಜ, ಓಣಿಗೆಲ್ಲ ಗೊತ್ತು, ರಾಯರು ಈಚೆಗೆ ಸದಾ ಧ್ಯಾನದಲ್ಲಿ, ನಾಲ್ಕು ಸಲ ಕರೆದರೆ ಒಮ್ಮೆ ತಿರುಗುತ್ತಾರೆ, ತಿರುಗಿದಾಗ ಮುಖವನ್ನೇ ನೋಡುತ್ತಾರೆ, ಜನ ಕಾಲು ಮುಟ್ಟುತ್ತಾರೆ, ಅಮೀನಸಾಬನೂ ಕೈ ಜೋಡಿಸಿದ್ದುಂಟು — ನಟ್ಟು ಬಿಗಿಯುವ ಪಾನಾ ಕೈಜಾರಿ ಫರಸಿಗಲ್ಲಿನ ಮೇಲೆ ಬಿತ್ತು, ಠಣ್, ಲಕ್ಕವ್ವ ಹಾರಿಬಿದ್ದು ಚಹಾ ಚೆಲ್ಲಿದಳು, ನಿನ್ನ ಕೈ ಸೇದಿಹೋಗಲಿ. ಜೋಡು ಇದ್ದಲ್ಲೇ ಇತ್ತು. ಎಂಥ ಧ್ಯಾನ ಇದು, ಅನ್ನಿಸಿತು, ಎಷ್ಟು ಆಳಕ್ಕೆ ಇಳಿದರೆ ಹೀಗಾಗುತ್ತದೆ.

ಕೆಲಸ ಮುಗಿದ ಮೇಲೆ ಪರೀಕ್ಷೆಗೆಂದು ತಿಕೋಟಾ ರಸ್ತೆಯಲ್ಲಿ ರಾಯರೇ ಗಾಡಿ ನಡೆಸಿದರು, ಅಮೀನಸಾಬ ಪಕ್ಕದಲ್ಲಿ, ಮುಚ್ಚಳ ಮುಚ್ಚಿತ್ತು, ಗೇರು ಬದಲಿಸಿದಾಗಲೆಲ್ಲ ಹಲ್ಲು ಕಡಿದ ಸಪ್ಪಳ, ತನ್ನ ದವಡೆಯಲ್ಲೇ ಆದಂತೆ ಅವನು ಕಣ್ಣು ಮುಚ್ಚಿದ, ಇಷ್ಟು ವರ್ಷ ಬೆಣ್ಣೆಯಲ್ಲಿ ಬೆರಳು ಆಡಿಸಿದಂತೆ ನಡೆಸಿದ ಕೈಗೆ ಏನಾಯಿತು — ರಾಯರು ತಂತಿ ಎಳೆದರು. ದನಿ ಸೀಟಿನಿಂದ ಬೆನ್ನುಹುರಿಗೆ ಏರಿತು, ಎದೆಗೂಡು ನಡುಗಿತು, ಎರಡನೆಯದರಿಂದ ಮೂರಕ್ಕೆ ಗೇರು ಸದ್ದಿಲ್ಲದೆ ಹೋಗಿ ಕೂತಿತು, ಬಿಡುವು ಸಿಕ್ಕಿದ ಜಾಗದಲ್ಲೇ, ಒಂದಿಷ್ಟೂ ಆಚೀಚೆ ಇಲ್ಲ, ರಾಯರ ಕಣ್ಣಲ್ಲಿ ನೀರು, ಕಿವಿಯ ಹತ್ತಿರ ಬಾಗಿ ಕೂಗಿದರು, ಕೇಳಸ್ತೋ ಅಮೀನ, ನನಗ ಕೇಳಸ್ತು, ಎರಡು ವರ್ಷಾತು ಇಂಜಿನ್ ಕೇಳಿ, ಮಂದಿ ಧ್ಯಾನ ಅಂತಾರ, ನಾನೂ ಹೂಂ ಅಂದುಬಿಟ್ಟೀನಿ. ಓ, ಹಾಗಾದರೆ ಪಾನಾ, ಹಾಗಾದರೆ ಆ ನಾಲ್ಕು ಸಲ ಕರೆಯುವುದು — ಯಾಕೋ ಹಿಂದೆ ನೋಡಿದ. ಬಸ್ಸಿನ ಮೂತಿ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಡ್ರೈವರ್ ಹಾರ್ನಿನ ರಬ್ಬರ್ ಉಂಡೆ ಹಿಂಡುತ್ತಿದ್ದಾನೆ, ಹಿಂಡುತ್ತಲೇ ಇದ್ದಾನೆ, ಕಟೌಟಿನ ಸಪ್ಪಳದಲ್ಲಿ ಅಮೀನಸಾಬನಿಗೂ ಏನೂ ಕೇಳುವುದಿಲ್ಲ, ಬಸ್ಸು ಎರಡು ಗಾಲಿ ಮಣ್ಣಿಗೆ ಇಳಿಸಿ ಧೂಳೆಬ್ಬಿಸಿ ದಾಟಿತು, ಕಿಟಕಿಯಲ್ಲಿ ಕಂಡಕ್ಟರನ ಬಾಯಿ ತೆರೆಯುತ್ತದೆ ಮುಚ್ಚುತ್ತದೆ, ದನಿ ಇಲ್ಲ, ಹೀಗಿರುತ್ತದೆಯೇ ಇವರಿಗೆ, ಇಡೀ ದಿನ, ಎಲ್ಲರ ಬಾಯಿಯೂ — ರಾಯರು ಬಸ್ಸನ್ನು ನೋಡಲೇ ಇಲ್ಲ, ಕೇಳುವುದರಲ್ಲಿದ್ದರು.

ಅಂಗಡಿಯ ಮುಂದೆ ಗಾಡಿ ನಿಂತಿತು, ರಾಯರು ಮುಖಕ್ಕೆ ನೀರು ಹಾಕಿಕೊಳ್ಳುವಷ್ಟರಲ್ಲಿ ಅಮೀನಸಾಬನ ಕೈ ಕೀಲಿ ತೆಗೆದುಕೊಂಡಿತ್ತು, ಕೈಗೆ ಅವನು ಹೇಳದೆಯೇ. ರಾಯರು ಅಂಗೈ ಚಾಚಿದರು, ಕೊಡಪ್ಪ ಕೀಲಿ, ಶನಿವಾರ ತಿಕೋಟಾದಾಗ ಓದೂದದ, ಬಸ್ಸಿನ್ಯಾಗ ಹೋದರ ಮಂದಿ ಮಾತಾಡಸ್ತಾರ, ಗುಟ್ಟು ಬೈಲಾಗ್ತದ, ಕಿವುಡನ ಬಾಯಿಂದ ಯಾರು ಪದ ಕೇಳ್ತಾರ ಹೇಳು. ಕೇಳುತ್ತಾರೆ, ನಾನು ಕೇಳುತ್ತೇನೆ, ಅಂದುಕೊಂಡ ಅಮೀನಸಾಬ, ಆದರೆ ಎಷ್ಟು ಮಂದಿ, ಅವರು ಹೇಳಿದ್ದು ಸುಳ್ಳಲ್ಲ, ಕೀಲಿ ಬೆವರಿಗೆ ಜಾರುತ್ತಿದೆ, ಬಸ್ಸಿನ ಆ ಮೂತಿ, ತೆರೆದು ಮುಚ್ಚುವ ಆ ಬಾಯಿ, ಮೂತಿ, ಬಾಯಿ — ಅಮೀನಸಾಬ ನೆರಳಿನಿಂದ ಬಿಸಿಲಿಗೆ ಬಂದು ಅವರ ಎದುರಿಗೆ ನಿಂತ, ದನಿ ಏರಿಸಲಿಲ್ಲ, ಅವರು ಓದಿಕೊಳ್ಳುವ ಹಾಗೆ ತುಟಿ ಬಿಡಿಸಿ ಒಂದೊಂದೇ ಅಕ್ಷರವಾಗಿ ಅಂದ: ಕೊಡಂಗಿಲ್ರಿ ರಾಯರ.