ಕಲ್ಲು ಹಾರಿದ ಕಡೆ, ಕಲ್ಲು ಬಿದ್ದ ಕಡೆ

ಕ್ವಾರಿಯಲ್ಲಿ ಅವನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಬಂಡೆಗೆ ಕುಳಿ ಕೊರೆಸಿ, ಮದ್ದು ತುಂಬಿ ಸಿಡಿಸುವುದು ಅವನ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಅವನ ಕೈಕೆಳಗೆ ಯಾರಿಗೂ ಒಂದು ಗೀರು ಬಿದ್ದಿರಲಿಲ್ಲ. "ನಮ್ಮ ಮೇಸ್ತ್ರಿ ಬಂಡೆ ಹತ್ರ ಒಪ್ಪಿಗೆ ಕೇಳ್ಕೊಂಡೇ ಒಡೆಯೋದು" ಎಂದು ಲಾರಿಯವರು ತಮಾಷೆ ಮಾಡುತ್ತಿದ್ದರು. ಆದರೆ ಒಂದು ಮಂಗಳವಾರ ಮಧ್ಯಾಹ್ನ ಮುಷ್ಟಿಗಾತ್ರದ ಕಲ್ಲೊಂದು ಕ್ವಾರಿಯ ಅಂಚು ದಾಟಿ, ಹೊಳೆಯನ್ನೂ ದಾಟಿ, ಆಚೆ ದಡದ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸಿನ ಬಲಗೈಗೆ ಬಡಿಯಿತು. ಮಣಿಕಟ್ಟಿನ ಮೂಳೆ ನುಚ್ಚುನೂರಾಯಿತು. ಅವಳು ಅಂಗಡಿಗಳಿಗೆ ಬೋರ್ಡು ಬರೆಯುವವಳು.

ಹೊಳೆಯ ಈಚೆ ಒಂದು ಸರ್ಕಾರ, ಆಚೆ ಇನ್ನೊಂದು. ಕಂಪನಿ ಈಚೆಯದಾದ್ದರಿಂದ ಅವಳು ಸೇತುವೆ ದಾಟಿ ಬಂದು ಈಚೆಯ ಕೋರ್ಟಿನಲ್ಲೇ ದಾವೆ ಹೂಡಿದಳು. ತೊಡಕು ಶುರುವಾದದ್ದು ಅಲ್ಲಿಂದ. ಈಚೆಯ ಕಾನೂನಿನ ಪ್ರಕಾರ, ಸಿಡಿಸುವ ಮುಂಚೆ ಮೂರು ಸಲ ಸೈರನ್ ಕೂಗಿಸಿದ್ದರೆ ಕಂಪನಿ ಪಾರು. ಕೇಳಿಯೂ ಮರೆಗೆ ಹೋಗದಿದ್ದದ್ದು ಪೆಟ್ಟು ತಿಂದವರದೇ ತಪ್ಪು. ಆಚೆಯ ಕಾನೂನಿಗೆ ಸೈರನ್ನಿನ ಮಾತೇ ಬೇಡ. ಕಲ್ಲು ಯಾರ ನೆಲದಿಂದ ಹಾರಿತೋ ಹೊಣೆ ಅವರದು. ಹಾಗಾದರೆ ಈ ದಾವೆಗೆ ಯಾವ ಕಾನೂನು? ಕಲ್ಲು ಹಾರಿದ ಕಡೆಯದೋ, ಬಿದ್ದ ಕಡೆಯದೋ? ಅದು ತೀರ್ಮಾನವಾಗುವ ತನಕ ಬೇರೆ ಮಾತೇ ಇಲ್ಲ ಎಂದಿತು ಕೋರ್ಟು.

ಕಂಪನಿಯ ವಕೀಲ ಮೇಸ್ತ್ರಿಯನ್ನು ಆಫೀಸಿಗೆ ಕರೆಸಿ, ಬ್ಲಾಸ್ಟಿಂಗ್ ರಿಜಿಸ್ಟರನ್ನು ಮುಂದಿಟ್ಟ. "ಇದು ನಿಮ್ಮ ಕೈಬರಹ ತಾನೇ? ಸೈರನ್ ಮೂರು ಸಲ ಅಂತ ಬರೆದಿದೀರಿ."

"ನಂದೇ ಸಾರ್."

"ನಮ್ಮ ಕಾನೂನೇ ಅಂತ ಆದ್ರೆ ಸಾಕ್ಷಿ ಕಟ್ಟೆ ಹತ್ತಿ ಇದನ್ನೇ ಹೇಳ್ಬೇಕು. ಅವರದು ಅಂತ ಆದ್ರೆ ನಿಮ್ಮನ್ನ ಯಾರೂ ಕರೆಯೋದೇ ಇಲ್ಲ. ಹಾಯಾಗಿರಿ."

ಮೇಸ್ತ್ರಿ ತಲೆಯಾಡಿಸಿ ಹೊರಗೆ ಬಂದ. ಕಲ್ಲು ಹಾರಿದ ಆ ವಾರ ಸೈರನ್ ಕೆಟ್ಟು ಕೂತಿತ್ತು. ಮೂರು ಸಲ ಚೀಟಿ ಬರೆದು ಕಳಿಸಿದ್ದರೂ ರಿಪೇರಿಯವನು ಬಂದಿರಲಿಲ್ಲ. ಲಾರಿಗಳು ಸಾಲಾಗಿ ಕಾಯುತ್ತಿದ್ದವು. ಕೆಂಪು ಬಾವುಟ ಏರಿಸಿ, ಕೊರಳಲ್ಲಿದ್ದ ಸೀಟಿಯನ್ನು ಒಂದೇ ಒಂದು ಸಲ ಊದಿ, ಅವನು ಬತ್ತಿಗೆ ಬೆಂಕಿ ಕೊಟ್ಟಿದ್ದ. ಗಾಳಿ ಎದುರಿಗಿತ್ತು, ಸೀಟಿ ಹೊಳೆಯಾಚೆಗೆ ಕೇಳಿಸುವಂತಿರಲಿಲ್ಲ. ರಿಜಿಸ್ಟರಿನಲ್ಲಿ ದಿನವೂ ಬರೆಯುವುದನ್ನೇ ಅವತ್ತೂ ಬರೆದಿದ್ದ.

ಇದನ್ನು ಹೆಂಡತಿಯ ಮುಂದೆ ಮಾತ್ರ ಬಾಯಿಬಿಟ್ಟಿದ್ದ. ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುವ ಅವಳು ಬೇಗ ಕಣ್ಣೀರು ಹಾಕುವವಳಲ್ಲ.

"ರೀ, ಅವರ ಕಾನೂನೇ ಬರ್ಲಿ ಅಂತ ಬೇಡ್ಕೊಳ್ಳಿ" ಎಂದಳು. "ಆಗ ಆಯಮ್ಮಂಗೂ ಪರಿಹಾರ ಸಿಗತ್ತೆ, ನಿಮಗೂ ಸುಳ್ಳು ಹೇಳೋ ಕಷ್ಟ ತಪ್ಪತ್ತೆ."

"ನಮ್ಮದೇ ಬಂದ್ರೆ?"

"ನಿಜ ಹೇಳಿದ್ರೆ ಕೆಲಸ ಹೋಗತ್ತೆ. ಸುಳ್ಳು ಹೇಳಿದ್ರೆ..." ಅವಳು ಪಾತ್ರೆ ಉಜ್ಜತೊಡಗಿದಳು.

ಎರಡು ವರ್ಷ ಹೀಗೇ ಕಳೆಯಿತು. ವಾಯಿದೆ ಬಿದ್ದ ದಿನವೆಲ್ಲ ಅವನು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂರುತ್ತಿದ್ದ. ವಕೀಲರು ದಪ್ಪ ದಪ್ಪ ಪುಸ್ತಕ ತೆಗೆದು ವಾದ ಮಾಡುತ್ತಿದ್ದರು. ಮುಂದಿನ ಬೆಂಚಿನಲ್ಲಿ ಬೋರ್ಡಿನವಳು ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದಳು. ಆ ಕೈಬೆರಳು ಅರ್ಧಕ್ಕಿಂತ ಹೆಚ್ಚು ಮಡಚುತ್ತಿರಲಿಲ್ಲ. ಅವಳು ಒಮ್ಮೆಯೂ ಅವನತ್ತ ತಿರುಗಲಿಲ್ಲ. ಇವನು ಯಾರೆಂದೇ ಅವಳಿಗೆ ಗೊತ್ತಿರಲಿಲ್ಲ.

ಕೊನೆಗೊಂದು ದಿನ ಅವನನ್ನೂ ಕರೆದರು. ಸ್ಫೋಟ ನಡೆದ ಜಾಗ ಖಚಿತವಾಗಿ ಎಲ್ಲಿ ಎಂದು ಹೇಳುವುದಕ್ಕೆ ಮಾತ್ರ. ಅವತ್ತು ಬೋರ್ಡಿನವಳು ಬಂದಿರಲಿಲ್ಲ. ಪ್ರಮಾಣ ಮಾಡಿಸಿ, ನಕ್ಷೆ ಕೈಗೆ ಕೊಟ್ಟರು.

"ನೀವು ನಿಂತಿದ್ದು ಎಲ್ಲಿ?" ಎಂದರು ನ್ಯಾಯಾಧೀಶೆ.

ಅವನು ಬೆರಳಿಟ್ಟು ತೋರಿಸಿದ.

"ಹೊಳೆಯಿಂದ ಎಷ್ಟು ದೂರ?"

"ಇನ್ನೂರು ಮೀಟರ್ ಆಗಬಹುದು, ಅಮ್ಮಾವ್ರೆ." ಅವನಿಗೆ ಈಗ ಬಿಟ್ಟರೆ ಇನ್ನೆಂದೂ ಬಾಯಿ ಬರುವುದಿಲ್ಲ ಅನ್ನಿಸಿತು. "ಅವತ್ತು ಸೈರನ್ ವಿಷಯ ಒಂದು ಹೇಳ್ಬೇಕಿತ್ತು..."

ಕಂಪನಿಯ ವಕೀಲ ಕುರ್ಚಿ ಸರಿಸಿ ಎದ್ದೇಬಿಟ್ಟ. ನ್ಯಾಯಾಧೀಶೆ ಕೈ ಎತ್ತಿ ಇಬ್ಬರನ್ನೂ ತಡೆದರು. "ಸೈರನ್ ಇವತ್ತಿನ ಪ್ರಶ್ನೆ ಅಲ್ಲ. ಯಾವ ಕಾನೂನು ಅಂತ ಮೊದಲು ತೀರ್ಮಾನ ಆಗ್ಲಿ. ಅದು ಬೇಕಾದ್ರೆ ಆಮೇಲೆ ಕರೀತೀವಿ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ."

ಅವನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಇಳಿದ. ಸದ್ಯ ತಪ್ಪಿತಲ್ಲ ಎಂಬ ಸಮಾಧಾನವೂ ಒಳಗೆ ಇಣುಕಿತು. ಆ ಸಮಾಧಾನಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಮುಂದಿನ ತಿಂಗಳು ತೀರ್ಪು ಬಂತು. ಕಲ್ಲನ್ನು ಹಾರಿಸಿದ್ದು ಈಚೆ ನಿಜ, ಆದರೆ ಅದು ಹೊಳೆಗೆ ಬಿದ್ದಿದ್ದರೆ ದಾವೆಯೇ ಇರುತ್ತಿರಲಿಲ್ಲ, ಕೇಡು ಪೂರ್ತಿಯಾದದ್ದು ಆ ಮಾಳಿಗೆಯ ಮೇಲೆ ಎಂದರು ನ್ಯಾಯಾಧೀಶೆ. ತನ್ನ ಮನೆಯ ಮೇಲೆ ನಿಂತವಳು ತನ್ನ ನೆಲದ ಕಾನೂನನ್ನೇ ನಂಬಿ ನಿಂತಿರುತ್ತಾಳೆ. ಆದ್ದರಿಂದ ಆಚೆಯ ಕಾನೂನೇ ಅನ್ವಯ. ಕಂಪನಿ ಪರಿಹಾರ ಕೊಡುವುದಕ್ಕೆ ಒಪ್ಪಿ ಕೈತೊಳೆದುಕೊಂಡಿತು. ಮೇಸ್ತ್ರಿಯನ್ನು ಮತ್ತೆ ಯಾರೂ ಕರೆಯಲಿಲ್ಲ.

"ಬೇಡ್ಕೊಂಡಿದ್ದೇ ಆಯ್ತಲ್ಲ, ಇನ್ನೂ ಯಾಕ್ರೀ ಮುಖ ಹೀಗೆ?" ಎಂದಳು ಹೆಂಡತಿ.

ಅವನಿಗೆ ಊಟ ಸೇರುತ್ತಿರಲಿಲ್ಲ. ಬತ್ತಿ ಹಚ್ಚುವ ಮುಂಚೆ ಹೊಳೆಯಾಚೆಯ ಮಾಳಿಗೆಗಳನ್ನು ಒಂದೊಂದಾಗಿ ನೋಡತೊಡಗಿದ. ಒಂದು ಭಾನುವಾರ ಒಗೆದ ಅಂಗಿ ಹಾಕಿಕೊಂಡು ಸೇತುವೆ ದಾಟಿದ.

ಅವಳ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ತಗಡಿನ ಹಲಗೆಗಳು ಗೋಡೆಗೆ ಒರಗಿದ್ದವು. ನೆಲದ ತುಂಬ ಬಣ್ಣದ ಡಬ್ಬಿ. ಅವಳು ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಅಕ್ಷರದ ಅಂಚನ್ನು ಗುರುತಿಸುತ್ತಿದ್ದಳು. ಗೆರೆ ಕೊಂಕಾದಾಗಲೆಲ್ಲ ಒರೆಸಿ ಮತ್ತೆ ಎಳೆಯುತ್ತಿದ್ದಳು.

"ಯಾವ ಅಂಗಡಿಗೆ ಬೋರ್ಡು?" ಎಂದಳು ತಿರುಗದೆ.

"ಬೋರ್ಡಿಗೆ ಬಂದಿಲ್ಲ ಅಕ್ಕ. ಅವತ್ತು ಮದ್ದು ಸಿಡಿಸಿದ್ದು ನಾನು."

ಸೀಮೆಸುಣ್ಣ ನಿಂತಿತು. ಅವನು ನಿಂತಲ್ಲೇ ಎಲ್ಲವನ್ನೂ ಹೇಳಿದ: ಕೆಟ್ಟ ಸೈರನ್ನು, ಒಂದೇ ಸೀಟಿ, ಎದುರುಗಾಳಿ, ರಿಜಿಸ್ಟರಿನ ಸುಳ್ಳು. ಅವಳು ಸೀಮೆಸುಣ್ಣವನ್ನು ಡಬ್ಬಿಯ ಮೇಲಿಟ್ಟು ಅವನತ್ತ ತಿರುಗಿದಳು.

"ಹಾಗಾದ್ರೆ ಸೈರನ್ ಆಗ್ಲೇ ಇಲ್ಲ."

"ಇಲ್ಲ."

"ನಿಮ್ಮ ಕಂಪನಿಯವರು ಆ ರಿಜಿಸ್ಟರಿನ ನಕಲು ನಮ್ಮನೆಗೆ ಕಳಿಸಿದ್ರು. ಮೂರು ಸಲ ಅಂತಿತ್ತು. ಆವತ್ತಿಂದ ನಮ್ಮತ್ತೆ ಅದನ್ನೇ ಆಡ್ತಾರೆ, ಸೈರನ್ ಕೇಳಿದ್ರೂ ಬಟ್ಟೆ ಮುಖ್ಯ ಆಯ್ತು ಇವಳಿಗೆ ಅಂತ." ಅವಳ ದನಿ ಏರಲಿಲ್ಲ. "ನಂಗೂ ಅನುಮಾನ ಹತ್ಬಿಡ್ತು. ಕೇಳಿಸಿತ್ತೇನೋ, ನಾನೇ ಗಮನ ಕೊಡ್ಲಿಲ್ವೇನೋ ಅಂತ. ಎರಡು ವರ್ಷ."

"ತಪ್ಪಾಯ್ತು ಅಕ್ಕ."

"ಅದನ್ನ ನನ್ನ ಹತ್ರ ಹೇಳ್ಬೇಡಿ. ನಾನು ಈಗ ಸರಿ ಹೋಯ್ತು ಅಂದ್ರೆ ನೀವು ಹಗುರಾಗಿ ಹೋಗ್ತೀರಿ. ಬನ್ನಿ ಒಳಗೆ."

ಅಂಗಡಿಯ ಹಿಂದೆಯೇ ಮನೆ. ಕಿಟಕಿಯ ಹತ್ತಿರ ಕೂತಿದ್ದ ಅತ್ತೆಯ ಮುಂದೆ ಅವನನ್ನು ನಿಲ್ಲಿಸಿ, "ಇವರಿಗೂ ಹೇಳಿ" ಎಂದಳು. ಅವನು ಮೊದಲಿನಿಂದ ಮತ್ತೆ ಹೇಳಿದ. ಎರಡನೇ ಸಲ ಮಾತು ಇನ್ನೂ ಭಾರವಾಗಿ ಬಂತು. ಮುದುಕಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಸೊಸೆಯ ಕೈಯನ್ನು ನೋಡಿದಳು, ಎದ್ದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಒಳಗಿಂದ ಅಳುವ ಸದ್ದು ಬಂತು. ಸೊಸೆ ಅತ್ತ ಹೋಗಲಿಲ್ಲ.

"ಬರೆದುಕೊಡ್ತೀರಾ?" ಎಂದಳು ಮೇಸ್ತ್ರಿಗೆ.

ಬರೆದುಕೊಟ್ಟರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅವನು ಮೊಣಕಾಲೂರಿ ಕೂತು, ಅವಳು ಕೊಟ್ಟ ಹಾಳೆಯಲ್ಲಿ ಬರೆದು ರುಜು ಹಾಕಿದ. ಅವಳು ಓದಿ ಮಡಚಿಟ್ಟಳು. ಮತ್ತೆ ಅಂಗಡಿಗೆ ಹೋಗಿ ಸೀಮೆಸುಣ್ಣ ಎತ್ತಿಕೊಂಡಳು.

ಮರುದಿನ ಅವನೇ ಮಾಲೀಕರ ಬಳಿ ಹೋಗಿ ರಿಜಿಸ್ಟರು ತಿದ್ದಬೇಕೆಂದ. ಕೇಸು ಮುಗಿದ ಮೇಲೆ ಇದೆಂಥ ಹುಚ್ಚು ಎಂದು ಅವರು ಮೊದಲು ನಕ್ಕರು. ಬರೆದುಕೊಟ್ಟ ಹಾಳೆಯ ವಿಷಯ ಕೇಳಿದ ಮೇಲೆ ನಗಲಿಲ್ಲ. ಸಂಜೆಯೊಳಗೆ ಕೆಲಸದಿಂದ ತೆಗೆದರು.

ಮನೆಗೆ ಬಂದು ಹೇಳಿದಾಗ ಹೆಂಡತಿ ಬೈಯಲಿಲ್ಲ. ಮಡಚುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು, "ನಾಳೆ ಲಾಂಡ್ರಿಯಲ್ಲಿ ಕೇಳ್ತೀನಿ, ಬಾಯ್ಲರ್ ಹತ್ರ ಒಬ್ಬರು ಬೇಕಂತಿದ್ರು" ಎಂದಳು. ಆಮೇಲೆ, "ಈಗ ಹಗುರಾಯ್ತಾ?" ಎಂದು ಕೇಳಿದಳು.

"ಇಲ್ಲ" ಎಂದ ಅವನು. ಅವಳು ತಟ್ಟೆ ಹಾಕಿದಳು.