ಅಲುಗಬೇಡಿ, ಧಣಿ

“ಆಚೆ ಸಾಯು ಬೇವರ್ಸಿ, ನಿನ್ನ ನೆರಳು ಫೋಟೋದಲ್ಲಿ ಬೀಳ್ತದೆ.”

ಕೂಸಪ್ಪ ಬದುವಿನ ತುದಿಗೆ ಸರಿದು ನಿಂತ. ಬೈದವರು ಕಾಪುವಿನ ವಾಸು ಧಣಿ. ಹುಟ್ಟಿದ ಮೇಲೆ ಮೊದಲ ಬಾರಿಗೆ ಅವರು ಸ್ವಂತ ಗದ್ದೆಗೆ ಇಳಿದಿದ್ದರು. ತಲೆಗೆ ಅಡಿಕೆ ಹಾಳೆಯ ಹೊಸ ಟೋಪಿ, ಮುಟ್ಟಾಳೆ, ಕೈಯಲ್ಲಿ ನೆಡುವ ನೇಜಿ ಸಸಿಯ ಕಟ್ಟು, ಅದೂ ಬೇರು ಮೇಲೆ ಮಾಡಿ.

ಉಳುವವನಿಗೇ ಗದ್ದೆ ಹೋದೀತು ಎಂಬ ಕಾನೂನಿನ ಸುದ್ದಿ ಉಡುಪಿಯಿಂದ ಬಂದದ್ದೇ ತಡ, ಧಣಿಗಳಿಗೆ ಬೇಸಾಯದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತ್ತು. ಸ್ವಂತ ಸಾಗುವಳಿ ಎಂದು ಅರ್ಜಿ ಬರೆಸಿಯಾಗಿತ್ತು. ಅದಕ್ಕೆ ಅಂಟಿಸಲು ಒಂದು ಫೋಟೋ ಸಿಕ್ಕಿದರೆ, ಅಜ್ಜನ ಕಾಲದಿಂದ ಗೇಣಿಗೆ ಮಾಡಿಕೊಂಡು ಬಂದ ಗದ್ದೆಯಿಂದ ಕೂಸಪ್ಪ ಹೊರಗೆ.

ಅರ್ಜಿಯ ತನಿಖೆಗೆಂದು ಗದ್ದೆ ನೋಡಲು ಬಂದಿದ್ದ ಸಾಹೇಬರ ಮುಂದೆ ಧಣಿಗಳು ಭಾಷಣವನ್ನೂ ಬಿಗಿದರು. ದೊಡ್ಡ ಗೆಲುವು ಯಾರಿಗೆ ಬೇಕು, ದಿನದಿನದ ಕೆಸರಿನ ದುಡಿಮೆಯಲ್ಲೇ ತನಗೆ ಗೆದ್ದ ಸುಖ ಎಂದರು. ಸಾಹೇಬರು ತಲೆದೂಗಿದರು. ಬೆಳಗಿನಿಂದ ಸೊಂಟ ಬಗ್ಗಿಸಿ ನೆಡುತ್ತಿದ್ದ ಕೂಸಪ್ಪನ ಹೆಂಡತಿ ರತ್ನಾವತಿ ಪಕ್ಕಕ್ಕೆ ಉಗುಳಿದಳು.

ಆ ಬೈಲಿನ ಗದ್ದೆಗೆ ಒಂದು ಗುಣವಿತ್ತು. ಅಲ್ಲಿ ಕಾಲು ಆಡಿಸುತ್ತಲೇ ಇರಬೇಕು, ಸುಮ್ಮನೆ ನಿಂತವರು ಹೂತುಹೋಗುತ್ತಾರೆ. ಕೇರಿಯ ಮಕ್ಕಳಿಗೂ ಗೊತ್ತಿದ್ದ ಈ ಸಂಗತಿ ಗದ್ದೆಯ ಒಡೆಯರಿಗೆ ಗೊತ್ತಿರಲಿಲ್ಲ. ಕೂಸಪ್ಪನನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಫೋಟೋದ ಸಿರಿಲ್ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಉಳಿದಿರುವುದು ಒಂದೇ ಪ್ಲೇಟ್, ಅಲುಗಬೇಡಿ ಎಂದ. ಧಣಿ ಅಲುಗಲಿಲ್ಲ. ಮೋಡ ಸರಿಯಲಿ ಎಂದು ಕಾಯುವಷ್ಟರಲ್ಲಿ ಮೊಣಕಾಲು ಮುಳುಗಿತು, ತೊಡೆ ಮುಳುಗಿತು. ಸಾಹೇಬರು ತಮ್ಮ ಬೂಟು ನೋಡಿಕೊಂಡು ಬದುವಿನಲ್ಲೇ ಉಳಿದರು.

“ಎಂತ ನೋಡ್ತೀಯಾ ನಾಯಿ, ಎಳೆ.”

“ನಾನು ಮುಟ್ಟಬಾರದಲ್ವಾ ಧಣಿ. ಚಾವಡಿಯ ಕಂಬ ಮುಟ್ಟಿದ್ದಕ್ಕೆ ನೀವು ಕೊಟ್ಟ ಬಾಸುಂಡೆ ಬೆನ್ನಲ್ಲಿ ಇನ್ನೂ ಉಂಟು.”

ಕೆಸರು ಸೊಂಟಕ್ಕೆ ಬಂತು. ಧಣಿ ಸಾಹೇಬರನ್ನು ನೋಡಿದರು, ಆಕಾಶ ನೋಡಿದರು, ಕೊನೆಗೆ ಜನ್ಮದಲ್ಲಿ ಆಡದ ಮಾತನ್ನು ಮೆಲ್ಲಗೆ ಆಡಿದರು.

“ಮುಟ್ಟು ಮಾರಾಯ.”

ಕೇಳಲಿಲ್ಲ ಎಂದ ಕೂಸಪ್ಪ. ಧಣಿ ಇಡೀ ಬೈಲಿಗೆ ಕೇಳುವಂತೆ ಇನ್ನೊಮ್ಮೆ ಹೇಳಬೇಕಾಯಿತು. ಆಗ ಅವನು ಇಳಿದು ಹೋಗಿ, ಹಿಂದಿನಿಂದ ಎರಡೂ ಕೈ ಬಳಸಿ, ತೊಡೆ ಕಾಣುವಷ್ಟು ಎತ್ತಿ ಅಲ್ಲೇ ಹಿಡಿದ. ಪೂಸಿಕೊಂಡ ಗಂಧದ ಕೆಳಗೆ ಧಣಿಯ ಮೈಯದೂ ಬೆವರಿನ ನಾತವೇ ಎಂದು ತಿಳಿದು ಅವನಿಗೆ ಹೇಳಲಾರದಷ್ಟು ಖುಷಿಯಾಯಿತು.

“ಇನ್ನು ಅಲುಗಬೇಡಿ ಧಣಿ,” ಎಂದ. “ಸಿರಿಲ್ಲರೇ, ಈಗ ತೆಗೆಯಿರಿ. ಗದ್ದೆ ಮಾಡುವವನೂ ಫೋಟೋದಲ್ಲಿ ಬರಲಿ.”

ಮೋಡ ಸರಿದು ಬಿಸಿಲು ಬಿತ್ತು. ಬಿಡು ಎನ್ನಲು ಬಾಯಿ ತೆರೆದ ಧಣಿ, ಬಿಟ್ಟರೆ ಏನಾಗುತ್ತದೆಂದು ನೆನೆದು, ತೆರೆದ ಬಾಯಿಯಲ್ಲೇ ಉಳಿದರು. ಅವರ ಹೆಗಲ ಮೇಲೆ ಗಲ್ಲ ಊರಿ ಕೂಸಪ್ಪ ಹಲ್ಲು ಕಿರಿದ. ಕೆಸರಿನೊಳಗೆ ಅವನ ಕಾಲುಗಳು ತುಳಿಯುತ್ತಲೇ ಇದ್ದವು.